ಭತ್ತ ಒಣಗುವ ಕೋರ್ಟಿನಲ್ಲಿ ನನ್ನ ಮಾತು

ಸಿಂಧನೂರು ಬಸ್ ಸ್ಟ್ಯಾಂಡ್

ಫಿಲಿಪೈನ್ಸ್ ಎಂದರೆ ನಮ್ಮ ಕಡೆಯವರಿಗೆ ಡಾಕ್ಟರ್ ಓದಲು ಮಕ್ಕಳನ್ನು ಕಳಿಸುವ ದೇಶ. ನಾನು ಅಲ್ಲಿಗೆ ಹೋದದ್ದು ರೊಟ್ಟಿ ಬಡಿಯಲು.

ನನ್ನ ತಮ್ಮ ಅಮರೇಶ ಅಕ್ಕಿ ಗಿರಣಿಯ ಫಿಟ್ಟರ್. ಸಿಂಧನೂರಿನ ಗಿರಣಿಗಳಲ್ಲಿ ಕೆಲಸ ಕಲಿತವನು, ಯಂತ್ರ ಕೂಡಿಸಿಕೊಡುವ ಕಂಪನಿಯೊಂದರ ಕಡೆಯಿಂದ ಆ ದೇಶಕ್ಕೆ ಹೋಗಿ ಆರು ವರ್ಷವಾಯಿತು. ಈ ಸಲ ಬೇಸಿಗೆ ಸುಗ್ಗಿಯಲ್ಲಿ ಗಿರಣಿಯ ಏಣಿಯಿಂದ ಜಾರಿ ಬಿದ್ದು ಬಲಗಾಲಿನ ಎಲುಬು ಮುರಿದುಕೊಂಡ. ಅವನ ಹೆಂಡತಿ ಲಿಂಗಸುಗೂರಿನ ತವರಿನಲ್ಲಿ ಬಾಣಂತಿ. ಹೋಗಿ ನೋಡಿಕೊಳ್ಳಲು ಉಳಿದವನು ನಾನೊಬ್ಬನೇ.

“ಯಣ್ಣ, ಇಲ್ಲಿ ಮೂರೂ ಹೊತ್ತು ಅನ್ನ. ಕಾಲು ಕೂಡೂದು ತಡ ಆದ್ರೂ ಚಿಂತಿಲ್ಲ, ಒಂದು ಜ್ವಾಳದ ರೊಟ್ಟಿ ಸಿಕ್ರ ಸಾಕಾಗ್ಯಾದ,” ಎಂದು ಫೋನಿನಲ್ಲಿ ಅಂದ.

ನಾನು ಓದಿದ್ದು ಏಳನೆಯ ಇಯತ್ತೆ. ಗಂಗಾವತಿ ರಸ್ತೆಯಲ್ಲಿ ಪಂಕ್ಚರ್ ಅಂಗಡಿ ಇದೆ. ಹೆಣ್ಣುಮಕ್ಕಳಿಲ್ಲದ ಮನೆಯಾದ್ದರಿಂದ ಅವ್ವ ನನಗೆ ರೊಟ್ಟಿ ಬಡಿಯುವುದನ್ನು ಕಲಿಸಿದ್ದಳು. ವಿಮಾನ ಹತ್ತಲು ನನಗೆ ಭಯವಿರಲಿಲ್ಲ. ಇಪ್ಪತ್ತು ದಿನ ತಮ್ಮನ ಎದುರಿಗೆ ಕೂರಬೇಕಲ್ಲ ಎಂಬುದೇ ಭಯ. ಹದಿನಾರು ವರ್ಷದ ಹಿಂದೆ ನಾನು ಅವನ ಮೇಲೆ ಒಂದು ಸುಳ್ಳು ಹೇಳಿದ್ದೆ. ಅವನ ವಾಲಿಬಾಲ್ ಆಟ ಅಲ್ಲಿಗೇ ನಿಂತಿತು. ಹಾಗೆ ನಿಲ್ಲಿಸಿದವನು ನಾನೆಂದು ಅವನಿಗೆ ಗೊತ್ತಿರಲಿಲ್ಲ. ಊರಲ್ಲಿದ್ದಷ್ಟು ವರ್ಷ ಅವನು ಗಿರಣಿಯಲ್ಲಿ, ನಾನು ಅಂಗಡಿಯಲ್ಲಿ; ಆಮೇಲೆ ಊರಿಗೆ ರಜೆಗೆ ಬಂದಾಗ ಅವನು ನಾಲ್ಕು ದಿನ ಇಲ್ಲಿ, ನಾಲ್ಕು ದಿನ ಮಾವನ ಮನೆಯಲ್ಲಿ ಇದ್ದು ಹೋಗುತ್ತಿದ್ದ. ನಾನು ಹೇಗೋ ತಪ್ಪಿಸಿಕೊಳ್ಳುತ್ತಿದ್ದೆ. ಕಾಲು ಮುರಿದು ಮಂಚದ ಮೇಲಿರುವವನಿಂದ ಹೇಗೆ ತಪ್ಪಿಸಿಕೊಳ್ಳುವುದು?

ಹೈದರಾಬಾದ್ ಬಸ್ಸು ಹತ್ತುವಾಗ ನನ್ನ ಕೈಯಲ್ಲಿ ಐದು ಸೇರು ಜೋಳದ ಹಿಟ್ಟು, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಒಂದು ತವೆ.

ಮನಿಲಾ

ವಿಮಾನದ ಬಗ್ಗೆ ಹೇಳುವಂಥದ್ದೇನಿಲ್ಲ. ಕಿವಿ ಮುಚ್ಚಿಕೊಂಡಿತು, ಆಮೇಲೆ ಬಿಟ್ಟಿತು.

ಮನಿಲಾದಲ್ಲಿ ನನ್ನ ಚೀಲ ಬಿಚ್ಚಿಸಿದರು. ಹಿಟ್ಟನ್ನು ಬಿಟ್ಟುಬಿಟ್ಟರು, ತವೆಯನ್ನೂ ಬಿಟ್ಟರು. ಗುರೆಳ್ಳು ಚಟ್ನಿಯ ಡಬ್ಬಿ ತೆರೆದ ಅಧಿಕಾರಿ ಮಾತ್ರ ಹಿಂದೆ ಸರಿದು ನಿಂತ. ಕಪ್ಪು ಪುಡಿ. ಅವನ ಮುಖ ನೋಡಿದರೆ ನಾನು ಮದ್ದಿನಪುಡಿ ತಂದಿದ್ದೇನೆ ಎನ್ನುವ ಹಾಗಿತ್ತು. “ಫುಡ್ ಸರ್, ಫುಡ್,” ಎಂದೆ. ಅವನು ನಂಬಲಿಲ್ಲ. ಸರಿ, ತಿಂದು ತೋರಿಸೋಣ ಎಂದು ಒಂದು ಹಿಡಿ ಬಾಯಿಗೆ ಹಾಕಿಕೊಂಡೆ. ಒಣ ಪುಡಿ ಗಂಟಲಿಗೆ ಅಡರಿ ಕೆಮ್ಮು ಹತ್ತಿತು. ಕಣ್ಣಲ್ಲಿ ನೀರು, ಮೂಗಲ್ಲಿ ನೀರು. ಅವರ ಅನುಮಾನ ಇನ್ನೂ ಹೆಚ್ಚಿತು. ಕೊನೆಗೆ ಒಬ್ಬ ಹೆಣ್ಣುಮಗಳು ನೀರು ತಂದುಕೊಟ್ಟು, ತಾನೇ ಬೆರಳ ತುದಿಯಲ್ಲಿ ಚಟ್ನಿ ಮುಟ್ಟಿ ನೆಕ್ಕಿದಳು. ಹುಬ್ಬು ಮೇಲಕ್ಕೆ ಹೋಯಿತು. ಪಕ್ಕದವನನ್ನು ಕರೆದಳು. ಅವನೂ ನೆಕ್ಕಿದ. ನಾಲ್ಕು ಮಂದಿ ನೆಕ್ಕಿದ ಮೇಲೆ ಡಬ್ಬಿ ನನ್ನ ಕೈಗೆ ಬಂತು. ಅರ್ಧ ಖಾಲಿ.

“ಥ್ಯಾಂಕ್ಯೂ ಪೋ,” ಎಂದಳು ಆಕೆ.

ನಮ್ಮ ಕಾಲುವೆ ಕೆಳಗಿನ ಕ್ಯಾಂಪುಗಳಲ್ಲಿ ಗದ್ದೆ ಮಾಡಿಕೊಂಡು ನೆಲೆಸಿದ ತೆಲುಗು ಮಂದಿ ಯಾರನ್ನಾದರೂ ಓಡಿಸುವಾಗ ‘ಪೋ’ ಅನ್ನುತ್ತಾರೆ. ನಾನು ಚೀಲದ ಜಿಪ್ಪನ್ನೂ ಎಳೆಯದೆ ಓಡಿದೆ. ಅದು ನಾವು ಮಾತಿನ ಕೊನೆಗೆ ಹಚ್ಚುವ ‘ರೀ’ ಇದ್ದ ಹಾಗೆ, ಮರ್ಯಾದೆಯ ಮಾತು ಎಂದು ಆಮೇಲೆ ಅಮರೇಶನಿಂದ ತಿಳಿಯಿತು.

ಭತ್ತದ ಸೀಮೆ

ಮನಿಲಾದಿಂದ ಉತ್ತರಕ್ಕೆ ಬಸ್ಸಿನಲ್ಲಿ ಅರ್ಧ ದಿನ ಹೋದರೆ ಕಬನಾತುವಾನ್ ಎಂಬ ಪೇಟೆ. ಅದರಾಚೆಯ ಒಂದು ಹಳ್ಳಿಯಲ್ಲಿ ಅಮರೇಶನ ಮನೆ. ಬಸ್ ನಿಲ್ದಾಣದಲ್ಲಿ ಬಾಗಿಲಿನಷ್ಟು ಎತ್ತರದ ಒಬ್ಬ ಮನುಷ್ಯ ರಟ್ಟು ಹಿಡಿದು ನಿಂತಿದ್ದ. ರಟ್ಟಿನ ಮೇಲೆ ಕನ್ನಡದಲ್ಲಿ ‘ಶರಣಪ್ಪ’. ಅಮರೇಶ ಬರೆದುಕೊಟ್ಟದ್ದು. ಅವನು ಅದನ್ನು ತಲೆಕೆಳಗಾಗಿ ಹಿಡಿದಿದ್ದ. ನಾನು ರಟ್ಟು ಸರಿಮಾಡಿ ಹಿಡಿಸಿ, ಅದರ ಮುಂದೆ ನಿಂತೆ. ಇಬ್ಬರೂ ನಕ್ಕೆವು. ನನ್ನ ಮೊದಲ ಪರಿಚಯ ಹಾಗೆ ಆಯಿತು. ಅವನ ಹೆಸರು ಬೋಯೆಟ್. ಮೋಟರ್ ಸೈಕಲ್ಲಿಗೆ ಪಕ್ಕದಲ್ಲಿ ತೊಟ್ಟಿಲು ಕಟ್ಟಿದಂಥ ಗಾಡಿ ಓಡಿಸುತ್ತಾನೆ. ಅವನು ಕೂತರೆ ಮೊಣಕಾಲು ಹ್ಯಾಂಡಲಿಗೆ ತಾಗುತ್ತದೆ.

ದಾರಿಯುದ್ದಕ್ಕೂ ಕಾಲುವೆ, ಗದ್ದೆ, ಗಿರಣಿಯ ಹೊಗೆ. ರಸ್ತೆಯ ಅರ್ಧಕ್ಕೆ ಭತ್ತ ಹರವಿದ್ದರು. ವಾಹನಗಳು ಉಳಿದರ್ಧದಲ್ಲಿ ಒಂದಕ್ಕೊಂದು ಕಾದು ಹೋಗುತ್ತಿದ್ದವು. ಯಾರೂ ಬೈಯಲಿಲ್ಲ. ಸಾಲಗುಂದದ ಕಡೆ ಸುಗ್ಗಿಯಲ್ಲಿ ನಮ್ಮವರು ಹಾಗೆಯೇ ಹರವುತ್ತಾರೆ, ಆದರೆ ಬಸ್ಸಿನ ಡ್ರೈವರು ಕಿಟಕಿಯಿಂದ ಮುಖ ಹೊರಹಾಕಿ ಅವರ ಮೂರು ತಲೆಮಾರನ್ನು ನೆನೆಸಿಯೇ ಮುಂದೆ ಹೋಗುವುದು.

ಅಮರೇಶ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ. ಪಾದದಿಂದ ಮೊಣಕಾಲಿನ ತನಕ ಪಟ್ಟಿ.

“ಹಿಟ್ಟು ತಂದಿ ಏನು?”

“ಮೊದಲ ಅಣ್ಣ ಹೆಂಗ ಬಂದ ಅಂತ ಕೇಳೋ.”

“ಎದುರಿಗೆ ನಿಂತಿಯಲ್ಲ, ಬಂದೀ ಅಂತಾನೇ ಆತು. ಹಿಟ್ಟು?”

ಅವತ್ತು ಎಂಟು ರೊಟ್ಟಿ ಬಡಿದೆ. ಆರು ಅವನೇ ತಿಂದ. ಏಳನೆಯದನ್ನು ಬೋಯೆಟ್‌ಗೆ ಕೊಟ್ಟೆ. ಅವನು ಅದಕ್ಕೆ ಅನ್ನ ಹಾಕಿಕೊಂಡು ತಿಂದ.

ಕೋರ್ಟು

ಆ ಹಳ್ಳಿಯ ನಡುವೆ ಒಂದು ಬ್ಯಾಸ್ಕೆಟ್‌ಬಾಲ್ ಕೋರ್ಟ್. ನಮ್ಮ ಊರುಗಳಲ್ಲಿ ಕಟ್ಟೆ ಇದ್ದ ಹಾಗೆ ಅಲ್ಲಿ ಕೋರ್ಟು. ಮದುವೆ, ಸಭೆ, ಲಸಿಕೆ ಎಲ್ಲ ಅದರ ಮೇಲೆ. ಸುಗ್ಗಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಅದರ ಮೇಲೆ ಭತ್ತ. ಸಿಮೆಂಟಿನ ನೆಲ ಚೆನ್ನಾಗಿ ಕಾಯುತ್ತದೆ. ಹೊತ್ತು ಇಳಿದ ಮೇಲೆ ಭತ್ತ ಬಳಿದು ಚೀಲಕ್ಕೆ ತುಂಬಿ, ನೆಲ ಗುಡಿಸಿ, ಆಮೇಲೆ ಆಟ. ಆಡುವವರಲ್ಲಿ ಅರ್ಧ ಮಂದಿಗೆ ಕಾಲಲ್ಲಿ ಹವಾಯಿ ಚಪ್ಪಲಿ.

ಅಲ್ಲಿ ಒಂದು ನಿಯಮವಿದೆ. ಟೀಮಿನ ವಿಷಯ ಯಾರು ಬೇಕಾದರೂ ಮಾತಾಡಬಹುದು, ಆದರೆ ಅವತ್ತು ಭತ್ತ ಬಳಿದಿರಬೇಕು. ಉದ್ದ ಹಿಡಿಕೆಯ ಮರದ ಹಲಗೆಯಿಂದ ಭತ್ತ ತಳ್ಳುತ್ತ ತಳ್ಳುತ್ತಲೇ ವಾದ ನಡೆಯುತ್ತದೆ. ಹಲಗೆ ಕೈಯಲ್ಲಿ ಇಲ್ಲದವನು ಬಾಯಿ ತೆರೆದರೆ ಎಲ್ಲರೂ ಸೇರಿ ನಗುತ್ತಾರೆ. ಕೋರ್ಟಿನ ಪಕ್ಕದ ಸಣ್ಣ ಅಂಗಡಿಯ ನೇನಾ ಎಂಬ ಅಜ್ಜಿ ಇದರ ಯಜಮಾನಿ. ಹಲಗೆಗಳು ಅವಳ ಅಂಗಡಿಯಲ್ಲೇ ಇರುತ್ತವೆ.

ಮೊದಲ ಸಂಜೆಯೇ ಅಮರೇಶನನ್ನು ಅಲ್ಲಿ ಕೂರಿಸಿ, ಸುಮ್ಮನೆ ನಿಲ್ಲಲಾರದೆ ನಾನೂ ಹಲಗೆ ಹಿಡಿದೆ. ಭತ್ತ ಬಳಿಯಲು ನನಗೆ ಯಾವ ಭಾಷೆಯೂ ಬೇಡ. ನೇನಾ ಅಜ್ಜಿ ತುಟಿ ಮುಂದೆ ಚಾಚಿ ಎಡಗಡೆ ತೋರಿಸಿದಳು. ಅವರು ಬೆರಳಲ್ಲಿ ತೋರಿಸುವುದಿಲ್ಲ, ತುಟಿಯಲ್ಲಿ ತೋರಿಸುತ್ತಾರೆ. ಮುತ್ತು ಕೇಳುತ್ತಿದ್ದಾಳೇನೋ ಎಂದು ಗಾಬರಿಯಾದೆ. ಅಮರೇಶ ನಕ್ಕು ನಕ್ಕು ಕುರ್ಚಿಯಿಂದ ಬೀಳುವುದರಲ್ಲಿದ್ದ.

ಆ ವಾರವಿಡೀ ವಾದ ಒಂದೇ. ಊರ ಹಬ್ಬ ಹತ್ತಿರ ಬಂದಿತ್ತು, ಹಬ್ಬದಲ್ಲಿ ಪಕ್ಕದ ಊರಿನ ಕೂಡ ಪಂದ್ಯ. ಟೀಮಿನಲ್ಲಿ ಮುಂದೆ ನಿಂತು ಆಡುವ ಎತ್ತರದ ಆಳು ಇರಲಿಲ್ಲ. ಬೋಯೆಟ್ ಇದೇ ಊರಿನವನು, ಇದೇ ಜಾಗಕ್ಕೆ ಆಡುತ್ತಿದ್ದವನು. ಹೋದ ವರ್ಷ ಪಕ್ಕದ ಊರಿನ ಟೀಮಿಗೆ ಹೋಗಿ ಇವರ ವಿರುದ್ಧವೇ ಆಡಿ ಗೆಲ್ಲಿಸಿದ್ದ. ಈಗ ಅವರು ಅವನನ್ನು ಬಿಟ್ಟಿದ್ದಾರೆ. ಯಾವ ಟೀಮೂ ಇಲ್ಲ. ತಗೊಳ್ಳಬೇಕೋ ಬೇಡವೋ?

ಅವರ ಮಾತನ್ನು ಅಮರೇಶ ನನಗೆ ಹೇಳುತ್ತಿದ್ದ. ಹಾಗಾಗಿ ನನ್ನ ಕಿವಿಗೆ ಆ ಊರಿನವರೆಲ್ಲ ಸಿಂಧನೂರಿನವರ ಹಾಗೇ ಮಾತಾಡಿದರು.

“ಕ್ಷೌರದ ತಿನೋ ಅಂತಾನ, ಒಮ್ಮೆ ಓಡಿಹೋದ ಕೋಳಿ ಗೂಡು ಮರೀತದ ಅಂತ.”

“ಅಜ್ಜಿ?”

“ಅಜ್ಜಿ ಅಂತಾಳ, ಕೋಳಿ ಸಂಜಿಗೆ ತಾನಽ ಬರ್ತದಲ್ಲೋ ಮೂರ್ಖ ಅಂತ. ತಿನೋ ಅಂತಾನ, ಬಾಲು ಸಿಕ್ರ ಯಾರಿಗೂ ಕೊಡಂಗಿಲ್ಲ ಅಂವ, ತಾನಽ ಎಸೀತಾನ. ಅಜ್ಜಿ ಅಂತಾಳ, ನೀನೂ ಕತ್ರಿ ಯಾರಿಗೂ ಕೊಡಂಗಿಲ್ಲಲ್ಲ.”

ರಸ್ತೆಯಾಚೆ ತನ್ನ ಗಾಡಿಯಲ್ಲಿ ಕೂತು ಬೋಯೆಟ್ ಇದೆಲ್ಲ ಕೇಳಿಸಿಕೊಳ್ಳುತ್ತಿದ್ದ. ಕೇಳಿಸದವನ ಹಾಗೆ ಗಾಡಿಯ ಕನ್ನಡಿ ಒರೆಸುತ್ತಿದ್ದ. ಅವನನ್ನು ಯಾರೂ ಕರೆಯಲಿಲ್ಲ.

ಆ ಕನ್ನಡಿ ಒರೆಸುವುದನ್ನು ನೋಡಲಾಗದೆ ನಾನು ಬೇರೆ ಕಡೆ ತಿರುಗಿ ಭತ್ತ ಬಳಿದೆ.

ಮಸ್ಕಿ, ಹದಿನೇಳು ವರ್ಷ ಹಿಂದೆ

ಯಾಕೆ ನೋಡಲಾಗಲಿಲ್ಲ ಎಂದು ಇಲ್ಲಿ ಹೇಳಿಬಿಡುತ್ತೇನೆ.

ಸಿಂಧನೂರಿನಲ್ಲಿ ನಮ್ಮದೊಂದು ವಾಲಿಬಾಲ್ ಟೀಮಿತ್ತು. ಅಮರೇಶ ಅದರ ಸ್ಮ್ಯಾಶರ್. ಅವನು ಜಿಗಿದರೆ ಸೊಂಟ ನೆಟ್ಟಿನ ಹತ್ತಿರ ಇರುತ್ತಿತ್ತು. ನಾನು ಅವನಿಗಿಂತ ಏಳು ವರ್ಷ ದೊಡ್ಡವನು, ಬದಲಿ ಆಟಗಾರ. ಯಾರಾದರೂ ಬರದಿದ್ದರೆ ನನ್ನನ್ನು ನಿಲ್ಲಿಸುತ್ತಿದ್ದರು. ಒಂದು ವರ್ಷ ಲಿಂಗಸುಗೂರಿನ ಟೀಮಿನವರು ಅಮರೇಶನನ್ನು ಕರೆದರು. ಹೋದ. ಮಸ್ಕಿಯ ಪಂದ್ಯದಲ್ಲಿ ನಮ್ಮ ವಿರುದ್ಧವೇ ಆಡಿದ, ನಮ್ಮನ್ನು ಸೋಲಿಸಿದ.

ಅವನ ಜಾಗ ಖಾಲಿಯಾದ್ದರಿಂದ ನಾನು ಮುಂದಿನ ಸಾಲಿಗೆ ಬಂದೆ. ಮೈಕಿನಲ್ಲಿ ನನ್ನ ಹೆಸರು ಕೂಗಿದರು. ಶಾಲೆಯಲ್ಲಾಗಲಿ ಮನೆಯಲ್ಲಾಗಲಿ ನನ್ನ ಹೆಸರನ್ನು ಬೈಯುವುದಕ್ಕಲ್ಲದೆ ಯಾರೂ ಗಟ್ಟಿಯಾಗಿ ಕರೆದವರಿಲ್ಲ. ಅದರ ರುಚಿ ಹತ್ತಿತು.

ಮರುವರ್ಷ ಲಿಂಗಸುಗೂರಿನ ಟೀಮು ಒಡೆಯಿತು. ಅಮರೇಶ ವಾಪಸ್ ಬರುತ್ತೇನೆ ಎಂದು ಹೇಳಿಕಳಿಸಿದ. ನನ್ನ ಅಂಗಡಿಯ ಮುಂದೆ ನಾವು ಏಳು ಮಂದಿ ಕೂತೆವು. ಕ್ಯಾಪ್ಟನ್ ವೀರೇಶ ಅಂದ, “ಶರಣಪ್ಪ, ನಿನ್ನ ತಮ್ಮ. ನೀ ಏನಂತಿ?”

ನಾನು ದನಿ ಇಳಿಸಿ ಅಂದೆ, “ಅವನ ಮೊಣಕಾಲು ಹೋಗ್ಯಾದ. ಇನ್ನ ಜಿಗಿಯಾಕ ಆಗಂಗಿಲ್ಲ. ನಾಚಿಕಿ ಪಡ್ತಾನ, ಅವನ ಮುಂದ ಈ ಮಾತು ಎತ್ತಬ್ಯಾಡ್ರಿ.”

ಎಲ್ಲರೂ ಅಯ್ಯೋ ಎಂದರು. ಮನೆಗೆ ಬಂದು ತಮ್ಮನಿಗೆ ಅಂದೆ, “ಬಿಟ್ಟು ಹೋದವ ಬ್ಯಾಡ ಅಂತ ಎಲ್ಲಾರೂ ಅಂದ್ರು. ನಾ ಎಷ್ಟು ಹೇಳಿದ್ರೂ ಕೇಳಲಿಲ್ಲ.”

ಅವನು ಮರುದಿನವೇ ಗಿರಣಿಯ ಕೆಲಸಕ್ಕೆ ಸೇರಿದ. ಅಂದಿನಿಂದ ಬಾಲು ಮುಟ್ಟಲಿಲ್ಲ. ರಜೆಗೆ ಬಂದರೆ ಮೈದಾನ ಕಾಣದಂತೆ ಸುತ್ತುಹಾಕಿ ಹೋಗುತ್ತಾನೆ. ವೀರೇಶ ಎದುರಾದರೆ ತಲೆ ತಗ್ಗಿಸುತ್ತಾನೆ. ನಾನು ಆ ಜಾಗದಲ್ಲಿ ಎರಡು ವರ್ಷ ಆಡಿ, ಹೊಟ್ಟೆ ಬಂದು ಬಿಟ್ಟೆ.

ಭಾನುವಾರ

ಭಾನುವಾರ ಸಂಜೆ ತೀರ್ಮಾನ ಆಗಬೇಕಿತ್ತು. ಹದಿನೈದು ಹಲಗೆಗಳು ಓಡಾಡುತ್ತಿದ್ದವು. ಭತ್ತದ ಧೂಳಿಗೆ ಎಲ್ಲರ ಕತ್ತೂ ತುರಿಸುತ್ತಿತ್ತು. ಬೇಕು ಎನ್ನುವವರೂ ಬೇಡ ಎನ್ನುವವರೂ ಸರಿಸಮ. ಆಗ ನೇನಾ ಅಜ್ಜಿ ನನ್ನ ಕಡೆ ತುಟಿ ಚಾಚಿ ಏನೋ ಅಂದಳು.

ಅಮರೇಶ ಕುರ್ಚಿಯಿಂದಲೇ ಕೂಗಿದ, “ಯಣ್ಣ, ನೀನೂ ವಾರ ಪೂರ್ತಿ ಭತ್ತ ಬಳದೀ ಅಂತ. ನಿನ್ನ ಮಾತೂ ಬೇಕಂತ. ಹೇಳು, ನಾ ಅವರ ಭಾಷೆದಾಗ ಹೇಳ್ತೀನಿ.”

ಬೇಕು ಎಂದು ಒಂದು ಮಾತಲ್ಲಿ ಮುಗಿಸಬಹುದಿತ್ತು. ರಸ್ತೆಯಾಚೆ ಬೋಯೆಟ್ ಕನ್ನಡಿ ಒರೆಸುವುದನ್ನು ನಿಲ್ಲಿಸಿದ್ದ. ನಾನು ಹಲಗೆ ಊರಿ ನಿಂತೆ.

“ನಮ್ಮೂರಾಗ ಒಬ್ಬ ಆಟಗಾರ ಇದ್ದ. ವಾಲಿಬಾಲ್ ಆಡ್ತಿದ್ದ.”

ಅಮರೇಶ ನಕ್ಕ. ತನ್ನ ಕಥೆ ಹೇಳಿ ಬೋಯೆಟ್‌ನ ಪರ ಮಾತಾಡುತ್ತಿದ್ದೇನೆ ಎಂದುಕೊಂಡ. ಅವರ ಭಾಷೆಯಲ್ಲಿ ಹೇಳಿ, ತನ್ನ ಎದೆ ಮುಟ್ಟಿ ತೋರಿಸಿದ. ಮಂದಿ ಹೋ ಎಂದರು.

“ಬ್ಯಾರೆ ಊರಿಗೆ ಹೋಗಿ ಒಂದು ವರ್ಷ ಆಡಿ, ತಿರುಗಿ ಬಂದ. ತಗೋಬೇಕೋ ಬ್ಯಾಡೋ ಅಂತ ಏಳು ಮಂದಿ ಕುಂತು ಮಾತಾಡಿದ್ರು. ಅವನ್ನ ಕರೀಲಿಲ್ಲ.”

ಅದನ್ನೂ ಹೇಳಿದ.

“ಬಿಟ್ಟು ಹೋದವ ಬ್ಯಾಡ ಅಂತ ಅವತ್ತು ಯಾರೂ ಅನ್ನಲಿಲ್ಲ.”

ಅಮರೇಶನ ಬಾಯಿ ತೆರೆದದ್ದು ಹಾಗೇ ನಿಂತಿತು. ಆಮೇಲೆ ಕನ್ನಡದಲ್ಲೇ ಅಂದ, “ಅಂದ್ರಲ್ಲೋ ಯಣ್ಣ. ನೀನಽ ಬಂದು ಹೇಳಿದ್ದಿ.”

“ಸುಳ್ಳು ಹೇಳಿದ್ದೆ. ಅವರಿಗೂ ಸುಳ್ಳು ಹೇಳಿದ್ದೆ. ನಿನ್ನ ಮೊಣಕಾಲು ಹೋಗ್ಯಾದ, ನಿನ್ನ ಕೇಳಬ್ಯಾಡ್ರಿ ಅಂದಿದ್ದೆ.”

“ನೀನು?”

“ನಾನಽ. ನಿನ್ನ ಜಾಗ ನನಗ ಬೇಕಾಗಿತ್ತು.”

ಹಲಗೆಗಳು ಒಂದೊಂದಾಗಿ ನಿಂತವು. ನೇನಾ ಅಜ್ಜಿ ಏನಂತೆ, ಏನಂತೆ ಎಂದು ಕೇಳುತ್ತಿದ್ದಳು. ಆ ಪ್ರಶ್ನೆ ಯಾವ ಭಾಷೆಯಲ್ಲಿ ಕೇಳಿದರೂ ತಿಳಿಯುತ್ತದೆ. ಅಮರೇಶ ಅವಳ ಕಡೆ ತಲೆ ತಿರುಗಿಸಿ, ಒಂದೊಂದೇ ಮಾತಾಗಿ, ಅವರ ಭಾಷೆಯಲ್ಲಿ ಎಲ್ಲವನ್ನೂ ಹೇಳಿದ. ನನಗೆ ತಿಳಿದದ್ದು ‘ಕುಯಾ’ ಎಂಬ ಒಂದೇ ಶಬ್ದ. ಅಣ್ಣ ಎಂದು ಅರ್ಥ. ಎರಡು ಸಲ ಬಂತು.

ಅಜ್ಜಿ ನನ್ನ ಹತ್ತಿರ ಬಂದಳು. ಬೈಯಲಿಲ್ಲ. ನನ್ನ ಕೈಯಿಂದ ಹಲಗೆ ತಗೊಂಡಳು. ಅಲ್ಲಿಗೆ ನನ್ನ ಮಾತಿನ ಹಕ್ಕು ಮುಗಿಯಿತು ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆಮೇಲೆ ರಸ್ತೆಯ ಕಡೆ ತಿರುಗಿ ಹದ್ದಿನ ಹಾಗೆ ಕೂಗಿದಳು, “ಬೋಯೆಟ್!”

ಅವನು ಬಂದ. ಬಂದವನ ಕೈಗೆ ಆ ಹಲಗೆಯನ್ನೇ ಕೊಟ್ಟಳು. ಅವನು ಎತ್ತರದಿಂದ ಬಾಗಿ ಭತ್ತ ಬಳಿಯುತ್ತ ಬಳಿಯುತ್ತ ಮಾತಾಡಿದ. ತಿನೋ ಏನೋ ಕೇಳಿದ, ಇವನು ಏನೋ ಹೇಳಿದ. ಮಂದಿ ಒಮ್ಮೆ ಗೊಣಗಿದರು, ಒಮ್ಮೆ ನಕ್ಕರು. ಆ ಸಂಜೆ ನನಗೆ ತರ್ಜುಮೆ ಮಾಡಿ ಹೇಳುವವರು ಇರಲಿಲ್ಲ. ಕೊನೆಗೆ ತಿನೋ ಅವನ ಬೆನ್ನಿಗೆ ಗುದ್ದಿದ್ದು ನೋಡಿ, ತಗೊಂಡರು ಎಂದು ತಿಳಿದುಕೊಂಡೆ.

ಎದ್ದು ಹೊರಡುವಾಗ ಅಮರೇಶ ನನ್ನ ಹೆಗಲು ಹಿಡಿಯಲಿಲ್ಲ. ಬೋಯೆಟ್‌ನ ಗಾಡಿಯಲ್ಲಿ ಹೋದ. ನಾನು ಹಿಂದೆ ನಡೆದು ಹೋದೆ.

ಸೋಮವಾರ

ಬೆಳಿಗ್ಗೆ ಎರಡು ರೊಟ್ಟಿ ತಿಂದ. ಮೂರನೆಯದು ಹಾಕಲು ಹೋದರೆ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದ. ಚೀಲ ಕಟ್ಟಿ ಇವತ್ತೇ ಹೊರಟುಬಿಡಲೇ ಎಂದು ನಾನು ಯೋಚಿಸುತ್ತಿದ್ದೆ.

ಮಧ್ಯಾಹ್ನ ಅವನೇ ಬಾಯಿಬಿಟ್ಟ. “ವೀರೇಶಗ ಫೋನ್ ಹಚ್ಚು.”

“ಈಗಾ?”

“ಈಗಽ. ನನಗೂ ಕೇಳೂ ಹಂಗ ಹಚ್ಚು.”

ವೀರೇಶನಿಗೆ ಈಗ ಮಸ್ಕಿಯಲ್ಲಿ ಬೀಜ ಗೊಬ್ಬರದ ಅಂಗಡಿ. ಎರಡನೆಯ ರಿಂಗಿಗೇ ಎತ್ತಿದ.

“ಲೇ ಶರಣ್ಯಾ! ಫಾರಿನ್‌ಗೆ ಹೋಗೀದಿ ಅಂತಲ್ಲಲೇ! ನಮಗೇನ್ ತರಾಕತ್ತಿ?”

“ಒಂದು ಮಾತು ಹೇಳೂದದ, ವೀರೇಶ.”

ಹೇಳಿದೆ. ಅತ್ತ ಕಡೆ ಯಾರೋ ಚೀಲ ಎತ್ತಿಹಾಕುವ ಸದ್ದು, ಗಿರಾಕಿಯೊಬ್ಬ ಹತ್ತಿ ಬೀಜ ಕೇಳುವ ಸದ್ದು. ವೀರೇಶ ಅವನಿಗೆ ತಡಿಯೋ ಮಾರಾಯ ಎಂದ.

“ಹಂಗಾದ್ರ ಅವನ ಮೊಣಕಾಲು?”

“ಚೆಂದ ಇತ್ತು.”

“ಥೂ ನಿನ್ನ ಬಾಯಿಗೆ. ಇಷ್ಟು ವರ್ಷ ಅಂವ ಎದುರು ಬಂದಾಗೊಮ್ಮೆ ನಾ ಅವನ ಕಾಲು ನೋಡಿ ಪಾಪ ಅಂದೀನಿ. ಮಾತಾಡ್ಸಿದ್ರ ನೊಂದ್ಕೋತಾನ ಅಂತ ದೂರ ನಿಂತೀನಿ. ಕಾಲು ನೋಡಿ ನೋಡಿ ಮುಖ ನೋಡೂದಽ ಮರೆತೀನಿ.”

ಅಮರೇಶ ಕುರ್ಚಿಯಲ್ಲಿ ನೆಟ್ಟಗಾದ. “ಅದಕ್ಕೇನೋ ನೀ ಹಂಗ ಕೆಳಗ ನೋಡ್ತಿದ್ದಿ? ನಾ ತಿಳಕೊಂಡಿದ್ದೆ, ನನ್ನ ಮುಖ ನೋಡಾಕ ಮನಸಿಲ್ಲ ನಿನಗ ಅಂತ.”

ಅತ್ತ ಕಡೆ ಗಿರಾಕಿ ಮತ್ತೆ ಹತ್ತಿ ಬೀಜ ಕೇಳಿದ.

“ಅಮರ್ಯಾ? ಅಲ್ಲೇ ಇದ್ದಿ ಏನಲೇ? ಈಗ ಹೆಂಗದನೋ ಕಾಲು?”

“ಈಗ ಖರೇನಽ ಮುರದದ.”

ಮೊದಲು ನಕ್ಕವನು ವೀರೇಶ. ಆಮೇಲೆ ಅಮರೇಶ. ಅವರು ಮಾತಿಗೆ ಕೂತರು. ಮಸ್ಕಿಯ ಆ ಪಂದ್ಯದಲ್ಲಿ ಗೆರೆಯ ಮೇಲೆ ಬಿದ್ದ ಬಾಲು ಒಳಗೋ ಹೊರಗೋ ಎಂಬ ಜಗಳ ಹದಿನೇಳು ವರ್ಷದ ಮೇಲೆ ಮತ್ತೆ ಶುರುವಾಯಿತು. ನಾನು ಎದ್ದು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತೆ. ಹತ್ತಿ ಬೀಜದ ಗಿರಾಕಿ ಎಷ್ಟು ಹೊತ್ತು ಕಾದನೋ ಗೊತ್ತಿಲ್ಲ.

ಫೋನ್ ಇಟ್ಟ ಮೇಲೆ ಒಳಗೆ ಕರೆದ. ನಗು ಹೋಗಿತ್ತು.

“ನನ್ನ ಕೇಳಬೇಕಾಗಿತ್ತು ನೀ,” ಎಂದ. “ತಮ್ಮಾ, ನನಗ ಮುಂದ ಆಡೂ ಆಸೆ ಅದಲೇ ಅಂತ ಒಂದು ಮಾತು. ನಾ ಬಾಲು ಎತ್ತಿ ಕೊಡ್ತಿದ್ದೆ, ನೀ ಹೊಡೀತಿದ್ದಿ.”

ನಾನು ರೊಟ್ಟಿಯ ಮೇಲೆ ಮುಚ್ಚಿದ್ದ ಬಟ್ಟೆ ಸರಿಮಾಡಿದೆ.

“ಇನ್ನ ಐದು ಮಂದಿ ಅದಾರ,” ಎಂದ. “ವೀರೇಶಗ ನಾ ಇದ್ದೆ ಅಂತ ಫೋನಿನಾಗ ನಡೀತು. ಅವರಿಗೆ ನೀ ಎದುರು ನಿಂತು ಹೇಳಬೇಕು. ನಾ ಊರಿಗೆ ಬರೂದರೊಳಗ.”

“ಹೇಳ್ತೀನಿ.”

“ಹಂಗಾದ್ರ ಆ ಮೂರನೇ ರೊಟ್ಟಿ ಕೊಡು.”

ಹಬ್ಬ, ಆಮೇಲೆ ಊರು

ಹಬ್ಬದ ಪಂದ್ಯದಲ್ಲಿ ಬೋಯೆಟ್ ಚೆನ್ನಾಗಿ ಆಡಿದ. ಬಾಲು ಸಿಕ್ಕರೆ ಯಾರಿಗೂ ಕೊಡಲಿಲ್ಲ, ತಿನೋ ಹೇಳಿದ್ದು ಖರೆ. ಆದರೂ ಊರು ಎರಡು ಪಾಯಿಂಟಿಗೆ ಸೋತಿತು. ಮರುದಿನ ಸಂಜೆ ಭತ್ತ ಬಳಿಯುವಾಗ ಸೋಲು ಯಾರಿಂದ ಎಂಬ ವಾದ. ನೇನಾ ಅಜ್ಜಿ ನನಗೆ ಹಲಗೆ ವಾಪಸ್ ಕೊಟ್ಟಿರಲಿಲ್ಲ. ಚೀಲದ ಬಾಯಿ ಹಿಡಿಯುವ ಕೆಲಸ ಕೊಟ್ಟಿದ್ದಳು. ನಾನು ಬಾಯಿ ಮುಚ್ಚಿಕೊಂಡು ಚೀಲದ ಬಾಯಿ ಹಿಡಿದೆ. ಪಕ್ಕದಲ್ಲಿ ಅಮರೇಶ ಕೋಲು ಊರಿ ನಿಂತು ಬೋಯೆಟ್‌ನ ಪರ ಜಗಳ ಮಾಡುತ್ತಿದ್ದ. ಆ ದಿನಗಳಲ್ಲಿ ನಾನು ಹೊಟ್ಟೆತುಂಬ ಉಂಡೆ, ಕಣ್ಣುತುಂಬ ನಿದ್ದೆ ಮಾಡಿದೆ. ಇಪ್ಪತ್ತು ದಿನವೆಂದು ಹೋದವನು ಮೂವತ್ತು ದಿನ ಇದ್ದು ಬಂದೆ.

ಬಂದ ಮೇಲೆ ಸಿಂಧನೂರಿನಲ್ಲಿದ್ದ ಇಬ್ಬರಿಗೆ ಹೇಳಿದೆ. ಒಬ್ಬ ಬೈದ, ಒಬ್ಬ ಚಹಾ ಕುಡಿಸಿದ. ಸಂತೆಕಲ್ಲೂರಿಗೆ ಟಂಟಂ ಹತ್ತಿ ಹೋಗಿ ಮೂರನೆಯವನಿಗೆ ಹೇಳಿದೆ. ಅವನು ತೊಗರಿ ಹೊಲದಲ್ಲಿ ಅರ್ಧ ತಾಸು ನನ್ನನ್ನು ನಿಲ್ಲಿಸಿ, ಮತ್ತೊಮ್ಮೆ ಹೇಳು ಎಂದು ಎರಡು ಸಲ ಹೇಳಿಸಿದ.

ಇಬ್ಬರು ಉಳಿದಿದ್ದಾರೆ. ಒಬ್ಬ ಲಾರಿಯ ಮೇಲೆ ಯಾವ ರಾಜ್ಯದಲ್ಲಿದ್ದಾನೋ ತಿಳಿಯದು. ಇನ್ನೊಬ್ಬ ಲಿಂಗಸುಗೂರಿನ ಮನೆ ಬಿಟ್ಟು ಹೋಗಿದ್ದಾನೆ, ಎಲ್ಲಿಗೆಂದು ಅಕ್ಕಪಕ್ಕದವರಿಗೂ ಗೊತ್ತಿಲ್ಲ. ನಾನು ಹುಡುಕುವುದನ್ನು ಬಿಟ್ಟಿಲ್ಲ. ಅಷ್ಟರೊಳಗೆ ಇದು ಅವರ ಕಣ್ಣಿಗೆ ಬಿದ್ದರೆ ಇಲ್ಲಿಯೇ ಓದಿಕೊಳ್ಳಲಿ: ಅಮರೇಶನ ಮೊಣಕಾಲಿಗೆ ಅಂದು ಏನೂ ಆಗಿರಲಿಲ್ಲ.